ಬೈಕ್ ಕ್ಲಬ್ಬಿನೊಳಗೊಂದು ಕ್ಯಾಮೆರಾ: ಎಂಟು ಸೂತ್ರಗಳು

ಸಾಲಾಗಿ ನಿಂತ ಬೈಕುಗಳು, ಚರ್ಮದ ಜಾಕೆಟ್ಟು, ಕಪ್ಪು ಕನ್ನಡಕ. ಇಷ್ಟನ್ನು ಫೋನಿದ್ದವರೆಲ್ಲ ಕ್ಲಿಕ್ಕಿಸುತ್ತಾರೆ. ಕ್ಲಬ್ಬಿನ ಬದುಕನ್ನು ದಾಖಲಿಸುವುದು ಬೇರೆಯೇ ಕಸುಬು. ಅದಕ್ಕೆ ಅಮೆರಿಕದ ಡ್ಯಾನಿ ಲಯನ್‌ಗಿಂತ ಒಳ್ಳೆಯ ಗುರು ನನಗೆ ಕಾಣುವುದಿಲ್ಲ. 1960ರ ದಶಕದಲ್ಲಿ ಷಿಕಾಗೋದ ‘ಔಟ್‌ಲಾಸ್’ ಕ್ಲಬ್ಬಿನವರ ಜೊತೆ ಅಲೆದು, 1968ರಲ್ಲಿ ‘ದ ಬೈಕ್‌ರೈಡರ್ಸ್’ ಪುಸ್ತಕ ತಂದವರು ಅವರು.

1. ಮೊದಲು ಬೈಕ್ ಓಡಿಸಲು ಕಲಿಯಿರಿ. ಲಯನ್ ಬಳಿ ಸ್ವಂತದ್ದೊಂದು ಟ್ರಯಂಫ್ ಇತ್ತು. ಅವರ ಅತಿ ಪ್ರಸಿದ್ಧ ಚಿತ್ರ 1966ರದು: ಒಹಾಯೊ ನದಿಯ ಸೇತುವೆ ಮೇಲೆ ಓಡುತ್ತಿರುವ ಬೈಕಿನಲ್ಲಿ ಕೂದಲು ಹಾರಿಸಿಕೊಂಡು ಹಿಂತಿರುಗಿ ನೋಡುತ್ತಿರುವ ಸವಾರ. ರಸ್ತೆಬದಿಯಲ್ಲಿ ನಿಂತವನಿಗೆ ದಕ್ಕುವ ಕೋನವಲ್ಲ ಅದು. ಹಾಗಂತ ಒಂದು ಕೈಲಿ ಹ್ಯಾಂಡಲ್, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿಯುವ ಸಾಹಸ ಬೇಡ. ನುರಿತ ಸವಾರನ ಹಿಂದೆ ಕುಳಿತು ತೆಗೆಯಿರಿ.

2. ಬೆನ್ನನ್ನು ಓದಿ. ಅಮೆರಿಕದ ಇಂಥ ಕ್ಲಬ್ಬುಗಳಲ್ಲಿ ಜಾಕೆಟ್ಟಿನ ಬೆನ್ನಿಗೆ ಹೊಲಿದ ಪ್ಯಾಚುಗಳೇ ಗುರುತಿನ ಚೀಟಿ. ಮೇಲಿನ ಪಟ್ಟಿಯಲ್ಲಿ ಕ್ಲಬ್ಬಿನ ಹೆಸರು, ನಡುವೆ ಲಾಂಛನ, ಕೆಳಗೆ ಸೀಮೆ. ಔಟ್‌ಲಾಸ್‌ನವರದು ತಲೆಬುರುಡೆ, ಅದರ ಹಿಂದೆ ಅಡ್ಡಡ್ಡ ಪಿಸ್ಟನ್ನು. ಹೊಸದಾಗಿ ಸೇರಿ ಪೂರ್ತಿ ಪ್ಯಾಚಿಗಾಗಿ ದುಡಿಯುತ್ತಿರುವವನು ‘ಪ್ರಾಸ್ಪೆಕ್ಟ್’. ಯಾರು ಯಾರಿಗೆ ಬಿಯರ್ ತಂದುಕೊಡುತ್ತಾರೆ, ಯಾರ ಬೈಕ್ ಮುಂದೆ ಹೋಗುತ್ತದೆ ಎಂಬುದನ್ನು ಗಮನಿಸಿದರೆ ಒಳಗಿನ ಅಧಿಕಾರದ ಏಣಿ ಕಾಣುತ್ತದೆ. ಜಾಕೆಟ್ ಮುಟ್ಟಬೇಡಿ, ಕೇಳದೆ ಯಾರ ಬೈಕಿನ ಮೇಲೂ ಕೂರಬೇಡಿ.

3. ಸೇರಬೇಕೋ ಬೇಡವೋ, ಮೊದಲೇ ತೀರ್ಮಾನಿಸಿ. ಹೆಲ್ಸ್ ಏಂಜೆಲ್ಸ್ ಎಂಬ ಇನ್ನೊಂದು ಬೈಕ್ ಕ್ಲಬ್ಬಿನ ಕುರಿತು ಪುಸ್ತಕ ಬರೆದ ಹಂಟರ್ ಥಾಂಪ್ಸನ್, ಕ್ಲಬ್ಬಿಗೆ ಸೇರಬೇಡ, ಹೆಲ್ಮೆಟ್ ಬಿಡಬೇಡ ಎಂದು ಲಯನ್‌ಗೆ ಕಾಗದ ಬರೆದಿದ್ದರು. ಲಯನ್ ಆ ಮಾತು ಕೇಳಲಿಲ್ಲ, ಸದಸ್ಯರೇ ಆದರು. ಹೊರಗೇ ಉಳಿದ ಥಾಂಪ್ಸನ್ 1966ರಲ್ಲಿ ಏಂಜೆಲ್ಸ್‌ನವರಿಂದಲೇ ಒದೆ ತಿಂದರು! ಸೇರಿದವನಿಗೆ ಬಾಗಿಲು ತೆರೆಯುತ್ತದೆ. ಜೊತೆಗೇ ಕ್ಲಬ್ಬಿನ ಋಣವೂ ಹೆಗಲೇರುತ್ತದೆ. ನನ್ನ ಮಟ್ಟಿಗೆ, ಸೇರದೆ ವರ್ಷಗಟ್ಟಲೆ ಜೊತೆಗಿರುವುದೇ ಕ್ಷೇಮ. ಆದರೆ ಲಯನ್ ಸೇರದೆ ಇದ್ದಿದ್ದರೆ ಆ ಪುಸ್ತಕ ಆಗುತ್ತಿತ್ತೇ? ಅನುಮಾನ.

4. ಕಿವಿಯನ್ನೂ ಒಯ್ಯಿರಿ. ಸೂತ್ರಗಳಲ್ಲೆಲ್ಲ ನಾನು ಹೆಚ್ಚು ನಂಬುವುದು ಇದನ್ನೇ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದ ಲಯನ್ ಕ್ಯಾಮೆರಾ ಜೊತೆ ಟೇಪ್‌ರೆಕಾರ್ಡರನ್ನೂ ಹೊತ್ತು ತಿರುಗಿದರು. ಸವಾರರು, ಅವರ ಹೆಂಡಂದಿರು ಆಡಿದ ಮಾತನ್ನು ಅವರದೇ ಧಾಟಿಯಲ್ಲಿ, ತಿದ್ದಿ ನುಣುಪು ಮಾಡದೆ ಅಚ್ಚು ಹಾಕಿದರು. ಚಿತ್ರದಲ್ಲಿ ಹುಲಿಯಂತೆ ಕಾಣುವವನು ಮಾತಿಗೆ ಕುಳಿತಾಗ ಕೆಲಸದ ಬೇಸರ, ದಂಡದ ಚೀಟಿ, ಮನೆಯ ಜಗಳ ಎಲ್ಲ ಹೊರಬೀಳುತ್ತವೆ. ಅದರಲ್ಲೂ ಹೆಂಗಸರ ಮಾತು ಗಂಡಸರ ಬಡಾಯಿಯ ಗಾಳಿ ತೆಗೆಯುತ್ತದೆ. ಜೆಫ್ ನಿಕೊಲ್ಸ್ ಇದೇ ಪುಸ್ತಕವನ್ನು ಆಧರಿಸಿ ಸಿನಿಮಾ ಮಾಡಿದಾಗ ಕಥೆ ಹೇಳುವ ಪಾತ್ರವಾಗಿದ್ದು ಸದಸ್ಯನೊಬ್ಬನ ಹೆಂಡತಿ. ನಟಿ ಜೋಡಿ ಕೋಮರ್ ಆಕೆಯ ಮಾತಿನ ವರಸೆ ಕಲಿತದ್ದು ಆ ಹಳೆಯ ಟೇಪುಗಳಿಂದ.

5. ತಂತ್ರ ಸರಳವಿರಲಿ. 28 ಅಥವಾ 35 ಮಿ.ಮೀ. ಲೆನ್ಸ್ ಒಂದಿದ್ದರೆ ಬಹುಪಾಲು ಕೆಲಸ ಆದೀತು. ಅದು ನಿಮ್ಮನ್ನು ಹತ್ತಿರ ಹೋಗುವಂತೆ ಮಾಡುತ್ತದೆ. ಓಡುವ ಬೈಕಿಗೆ ಶಟರ್ 1/30ರಿಂದ 1/60 ಸೆಕೆಂಡಿಗೆ ಇಳಿಸಿ, ಕ್ಯಾಮೆರಾವನ್ನು ಬೈಕಿನ ಜೊತೆಗೇ ಹೊರಳಿಸಿ. 1/1000ರಲ್ಲಿ ತೆಗೆದರೆ ಚಕ್ರದ ಕಡ್ಡಿಗಳೂ ನಿಂತು, ಬೈಕ್ ಸ್ಟ್ಯಾಂಡ್ ಹಾಕಿದಂತೆ ಕಾಣುತ್ತದೆ.

6. ಜೋಡಿಸಬೇಡಿ. 1947ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಸಣ್ಣ ಊರಿನಲ್ಲಿ ಬೈಕರ್‌ಗಳ ಗಲಾಟೆಯಾಯಿತು. ಎರಡೂ ಕೈಲಿ ಬಾಟಲಿ ಹಿಡಿದು ಬೈಕಿನ ಮೇಲೆ ಒರಗಿದ ಕುಡುಕನ ಚಿತ್ರವನ್ನು ‘ಲೈಫ್’ ಪತ್ರಿಕೆ ಅಚ್ಚು ಮಾಡಿತು. ಚಕ್ರದ ಬುಡದಲ್ಲಿದ್ದ ಬಾಟಲಿಗಳ ರಾಶಿ ತಂದು ಜೋಡಿಸಿದ್ದೆಂದು ಅಲ್ಲಿದ್ದವರೊಬ್ಬರು ಎಷ್ಟೋ ಕಾಲದ ಮೇಲೆ ಹೇಳಿದರು. ಅಷ್ಟರಲ್ಲಿ ಬೈಕರ್ ಎಂದರೆ ಪುಂಡ ಎಂಬ ಮುದ್ರೆ ಒತ್ತಿಯಾಗಿತ್ತು. ಆ ಗಲಾಟೆಯ ಎಳೆ ಹಿಡಿದೇ 1953ರಲ್ಲಿ ಮಾರ್ಲನ್ ಬ್ರಾಂಡೊ ಸಿನಿಮಾ ‘ದ ವೈಲ್ಡ್ ಒನ್’ ಕೂಡ ಬಂತು. ಮದುವೆಮನೆ ಫೋಟೋಗ್ರಾಫರನಂತೆ “ಸ್ವಲ್ಪ ಈ ಕಡೆ ನೋಡಿ ಸಾರ್” ಎನ್ನುವ ಚಾಳಿ ಇಲ್ಲಿ ಬೇಡ.

7. ಎಂಜಿನ್ ಆರಿದ ಮೇಲೂ ಅಲ್ಲೇ ಇರಿ. ಗ್ಯಾರೇಜು, ಬಾರು, ಬಿಡುವಿನ ಮಧ್ಯಾಹ್ನ, ಸಾವಿನ ಮನೆ. ಲಯನ್ ಪುಸ್ತಕದಲ್ಲಿ ಡೆಟ್ರಾಯಿಟ್‌ನ ಒಂದು ಶವಸಂಸ್ಕಾರವೂ ಇದೆ. ಎಲ್ಲ ಕ್ಲಬ್ಬೂ ಔಟ್‌ಲಾಸ್‌ನಂಥದ್ದೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಜಾವಾ, ಯೆಜ್ಡಿ ಅಭಿಮಾನಿಗಳು ಪ್ರತಿವರ್ಷ ಜುಲೈಯ ಎರಡನೆಯ ಭಾನುವಾರ ಸೇರುತ್ತಾರೆ. ಅಲ್ಲಿ ಸಾಲು ಬೈಕುಗಳ ಚಿತ್ರ ಎಲ್ಲರ ಬಳಿಯೂ ಇರುತ್ತದೆ. ಹಳೇ ಬಿಡಿಭಾಗ ಹುಡುಕಿಕೊಡುವ ಮೆಕ್ಯಾನಿಕ್ಕಿನ ಬೆನ್ನು ಹತ್ತಿದರೆ ನಿಮಗೊಂದು ಕಥೆ ಸಿಕ್ಕೀತು. ಸಂಪಾದಕರು ಬೇಡವೆಂದರೂ ನೆಗೆಟಿವ್ ಜೋಪಾನ ಮಾಡಿ: ಫೋಟೋಗ್ರಾಫರ್ ಬಿಲ್ ರೇ 1965ರಲ್ಲಿ ತೆಗೆದ ಹೆಲ್ಸ್ ಏಂಜೆಲ್ಸ್ ಚಿತ್ರಗಳನ್ನು ‘ಲೈಫ್’ ಆಗ ಹಾಕಲೇ ಇಲ್ಲ. ಅವು ಪುಸ್ತಕವಾಗಿದ್ದು ದಶಕಗಳ ನಂತರ.

8. ಮೋಹ ಇಳಿದದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಈ ಸವಾರರನ್ನು ಮೆರೆಸಲೆಂದೇ ಲಯನ್ ಹೊರಟಿದ್ದರು. ಅದನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ಕೊನೆಕೊನೆಗೆ ಸದಸ್ಯನೊಬ್ಬ ದೊಡ್ಡ ನಾಜಿ ಧ್ವಜವನ್ನು ಪಿಕ್‌ನಿಕ್ ಜಮಖಾನೆಯಾಗಿ ಹಾಸಿದಾಗ ಅವನೊಡನೆ ಜಟಾಪಟಿಯಾಯಿತು. ಲಯನ್ ಮೊದಲು ಕರಿಯರ ನಾಗರಿಕ ಹಕ್ಕುಗಳ ಚಳವಳಿಯ ಫೋಟೋಗ್ರಾಫರ್ ಆಗಿದ್ದವರು, ಇದನ್ನು ಸಹಿಸುವುದಾದರೂ ಹೇಗೆ? ಕ್ಲಬ್ಬಿನಿಂದ ಹೊರಬಿದ್ದವರು ಟೆಕ್ಸಾಸಿನ ಜೈಲುಗಳ ಬಾಗಿಲು ತಟ್ಟಿದರು. 1971ರಲ್ಲಿ ಅದೂ ಪುಸ್ತಕವಾಯಿತು.