ಹಳೇ ರೀಲಿಗೆ ಒಂದೇ ಅವಕಾಶ: ಏಳು ಸೂತ್ರಗಳು

ಫೋಟೊ ತೆಗೆದು ತೊಳೆಸದೆ ಮರೆತ ರೀಲುಗಳು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಯಾವ ಅಟ್ಟದಲ್ಲಾದರೂ ಸಿಕ್ಕಾವು. 1897ರಲ್ಲಿ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟ ಸ್ವೀಡನ್ನಿನ ಆಂಡ್ರೆ ತಂಡದ ಫಿಲಂ 1930ರಲ್ಲಿ ಸಿಕ್ಕಿ, 93 ಚಿತ್ರ ಕೊಟ್ಟಿತು. ಅಲ್ಲಿ ಹಿಮ ಕಾಯ್ದಿತ್ತು. ನಮ್ಮದು ಬಯಲುಸೀಮೆಯ ಬಿಸಿಲು. ಎಚ್ಚರ ಹೆಚ್ಚೇ ಬೇಕು.

1. ಬಿಚ್ಚಿ ನೋಡಬೇಡಿ. ರೀಲು ಕ್ಯಾಮೆರಾದೊಳಗೇ ಇದ್ದರೆ ಪೂರ್ತಿ ಕತ್ತಲೆಯಲ್ಲಿ ತೆಗೆಯಿರಿ. ತೊಳೆಯುವವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ.

2. ರೀಲಿನ ಮೇಲಿನ ಅಕ್ಷರ ಓದಿ. ಸಿ-22 ಎಂದಿದ್ದರೆ ಮಾಮೂಲಿ ಕಲರ್ ಲ್ಯಾಬಿಗೆ ಕೊಡಬೇಡಿ. ಸುಮಾರು 24 ಡಿಗ್ರಿಯಲ್ಲಿ ತೊಳೆಯಲೆಂದು ಮಾಡಿದ ಫಿಲಂ ಅದು. ಈಗಿನ ಸಿ-41ರ 38 ಡಿಗ್ರಿಗೆ ಅದರ ಲೇಪ ಕಿತ್ತು ಬಂದೀತು. ಕೊಡಾಕ್ರೋಮ್ ಎಂದಿದ್ದರೆ, ಅದನ್ನು ಬಣ್ಣದಲ್ಲಿ ತೊಳೆಯುವ ಕೊನೆಯ ಲ್ಯಾಬು 2010ರ ಕೊನೆಗೆ ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಎರಡನ್ನೂ ಕಪ್ಪು-ಬಿಳುಪಾಗಿ ತೊಳೆದರೆ ಚಿತ್ರ ಉಳಿದೀತು.

3. ಕೈ ಪಳಗಿಸಿ. ಹಳೇ ಫಿಲಂ ಸುರುಳಿಗಟ್ಟಿ ಸೆಟೆದಿರುತ್ತದೆ. ಬೇಡದ ರೀಲೊಂದನ್ನು ಟ್ಯಾಂಕಿಗೆ ಸುತ್ತಿ, ಕಣ್ಣು ಮುಚ್ಚಿಯೂ ಸುತ್ತಲು ಬಂದ ಮೇಲೆ ಅಸಲಿಗೆ ಕೈ ಹಾಕಿ.

4. ಸೆಕೆಗೆ ಉಪಾಯ ಮಾಡಿ. ಕಪ್ಪು-ಬಿಳುಪಿಗೆ 20 ಡಿಗ್ರಿ ಬೇಕು. ಬೇಸಿಗೆಯ ಹಿರಿಯೂರಲ್ಲಿ ನಲ್ಲಿ ನೀರೇ 30 ದಾಟುತ್ತದೆ. ಡೆವಲಪರ್, ಹೈಪೋ, ತೊಳೆಯುವ ನೀರು, ಮೂರನ್ನೂ ಐಸ್ ಹಾಕಿದ ಬೇಸಿನ್‌ನಲ್ಲಿಟ್ಟು ಒಂದೇ ಮಟ್ಟಕ್ಕೆ ತನ್ನಿ. ಬೆಳಗಿನ ಜಾವವೇ ಒಳ್ಳೆಯದು.

5. ಮಸುಕನ್ನು ಹಿಡಿತದಲ್ಲಿಡಿ. ವರ್ಷ ಕಳೆದಂತೆ ಫಿಲಂಗೆ ಮಸುಕು ಕವಿಯುತ್ತದೆ. ಎಚ್‌ಸಿ-110 ಡೆವಲಪರ್ ಅನ್ನು ಒಂದಕ್ಕೆ 31 ಪಾಲು ನೀರು ಬೆರೆಸಿ ಬಳಸಿ. ಮಸುಕು ತಡೆಯಲು ಸ್ವಲ್ಪ ಬೆಂಜೋಟ್ರಯಜೋಲ್ ಸೇರಿಸಿ. ಹೊತ್ತು ಹೆಚ್ಚಿಸಿದರೆ ಚಿತ್ರದ ಜೊತೆ ಮಸುಕೂ ಬೆಳೆಯುತ್ತದೆ. 35 ಎಂಎಂ ಆದರೆ ಮೊದಲ ತುಂಡು ಕತ್ತರಿಸಿ ಪರೀಕ್ಷಿಸಿ.

6. ಕೊನೆಯ ನೀರು ಬೋರ್‌ವೆಲ್‌ದಲ್ಲ. ಉಪ್ಪಿನ ಕಲೆ ನೆಗೆಟಿವ್ ಮೇಲೆ ಉಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಿ. ಒಣಗಿಸುವಾಗ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ದುರ್ಗದ ಗಾಳಿ ಧೂಳು ಬಿಟ್ಟು ಬರುವುದಿಲ್ಲ.

7. ವರ್ಷ ಪತ್ತೆಹಚ್ಚಿ. ತೆಳುವಾಗಿ ಬಂದರೂ ಬಿಸಾಡಬೇಡಿ, ಸ್ಕ್ಯಾನ್ ಮಾಡಿ. ಚಿತ್ರದಲ್ಲಿ ಕಂಡದ್ದೇ ವರ್ಷದ ಸುಳಿವು: 1933ರ ಬಳಿಕ ಮಾರಿಕಣಿವೆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲೇ. ಎಪ್ಪತ್ತರ ದಶಕದ ರೀಲಿನಲ್ಲಿ ಕೋಡಿ ಹರಿಯುತ್ತಿದ್ದರೆ ಅದು ಬೇರೆ ಕೆರೆ! ಮುಖಗಳಿಗೆ ಹೆಸರು ಹೇಳಬಲ್ಲ ಹಿರಿಯರಿಗೆ ಈ ವಾರವೇ ತೋರಿಸಿ, ಕೇಳಿದ್ದನ್ನು ಬರೆದಿಡಿ.