ಸೋದರಮಾವನ ಮಗ ಮತ್ತು ಒಹಾಯೊದ ಲೈಸೆನ್ಸು

ಪ್ರಶ್ನೆ: ಮೇಡಂ, ನನ್ನ ಮಗಳು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ಸಿನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮದುವೆಯನ್ನು ಅಲ್ಲಿಯ ದೇವಸ್ಥಾನದಲ್ಲೇ ಮಾಡುವುದೆಂದು ನಿಶ್ಚಯವಾಗಿದೆ. ಊರಿಗೆ ಬಂದರೆ ವೀಸಾ ಸ್ಟ್ಯಾಂಪಿಂಗ್ ಆಗದೆ ಇಲ್ಲೇ ಸಿಕ್ಕಿಹಾಕಿಕೊಂಡೇವು ಅಂತ ಹುಡುಗ ಹುಡುಗಿ ಇಬ್ಬರಿಗೂ ಭಯ. ಹುಡುಗ ಹೊರಗಿನವನೇನಲ್ಲ, ನನ್ನ ಒಡಹುಟ್ಟಿದ ಅಣ್ಣನ ಮಗನೇ. ಹಾಗಾಗಿ ಆ ಚಿಂತೆ ಇಲ್ಲ. ನನ್ನ ಚಿಂತೆ ಬೇರೆ. ಮದುವೆಗೆ ಮೊದಲು ಕೌಂಟಿ ಕೋರ್ಟಿಗೆ ಹೋಗಿ ಲೈಸೆನ್ಸ್ ತರಬೇಕಂತೆ. ನಮ್ಮ ಕಡೆ ಕೋರ್ಟ್ ಮದುವೆ ಅಂದರೆ ಓಡಿಹೋದವರು ಮಾಡಿಕೊಳ್ಳುವುದು. ಅದೂ ಅದು ಪ್ರೊಬೇಟ್ ಕೋರ್ಟಂತೆ, ಸತ್ತವರ ಉಯಿಲು ನೋಡುವ ಜಾಗವಂತೆ. ಇದನ್ನು ಓದಿದಾಗಿನಿಂದ ನಮ್ಮ ಯಜಮಾನರಿಗೆ ಊಟ ಸೇರುತ್ತಿಲ್ಲ. ಮಕ್ಕಳಿಗೆ ರಜೆ ಸಿಗುವ ದಿನ ನೋಡಿದರೆ ಅಮಾವಾಸ್ಯೆ. ಅವತ್ತು ಸಹಿ ಹಾಕಿದರೆ ಅದೇ ಮದುವೆಯ ದಿನ ಅಂತ ದಾಖಲಾಗಿಬಿಡುತ್ತದೆಯೇ? ಅರ್ಜಿಯಲ್ಲಿ ಸಂಬಂಧದ ಬಗ್ಗೆ ಏನೋ ಒಂದು ಸಾಲು ಇದೆಯಂತೆ. ಪರಿಚಯದವರೊಬ್ಬರು ‘ಸುಮ್ಮನೆ ಸಹಿ ಹಾಕಿ, ಯಾರು ಕೇಳ್ತಾರೆ’ ಅಂದರು. ಇನ್ನೊಂದು ವಿಷಯ. ನನ್ನ ತಂಗಿಯ ಮಗಳ ಮದುವೆಯೂ 2009ರಲ್ಲಿ ಅಲ್ಲೇ, ಡೆಲವೇರ್ ಕೌಂಟಿಯ ದೇವಸ್ಥಾನದಲ್ಲಿ ಆಗಿತ್ತು. ಸರ್ಟಿಫಿಕೇಟ್ ಕಳೆದುಹೋಗಿದೆ. ಆ ಕೌಂಟಿಯಲ್ಲಿ ವಿಚಾರಿಸಿದರೆ ಇಂಥ ಮದುವೆಯೇ ನಮ್ಮಲ್ಲಿಲ್ಲ ಅಂದರಂತೆ. ದಯವಿಟ್ಟು ದಾರಿ ತೋರಿಸಿ.
— ಹೆಸರು ಬೇಡ, ಹಾಸನ

ಉತ್ತರ: ಅಮ್ಮಾ, ಯಾವುದಕ್ಕೆ ಚಿಂತೆ ಇಲ್ಲ ಅಂತ ಬರೆದಿದ್ದೀರೋ ಅದಕ್ಕೇ ನೀವು ಚಿಂತಿಸಬೇಕಿತ್ತು. ಉಳಿದದ್ದೆಲ್ಲ ಆಮೇಲೆ ನೋಡೋಣ.

ಒಹಾಯೊದ ಕಾನೂನಿನಲ್ಲಿ ಸೆಕೆಂಡ್ ಕಸಿನ್‌ಗಿಂತ ಹತ್ತಿರದ ರಕ್ತಸಂಬಂಧಿಗಳು ಮದುವೆಯಾಗುವಂತಿಲ್ಲ. ನಿಮ್ಮ ಮಗಳಿಗೂ ನಿಮ್ಮ ಅಣ್ಣನ ಮಗನಿಗೂ ಅಜ್ಜ ಅಜ್ಜಿ ಒಬ್ಬರೇ, ಅಂದರೆ ಅವರು ಫಸ್ಟ್ ಕಸಿನ್‌ಗಳು. ಸೋದರಮಾವನ ಮಗ ವರಸೆಯವನು, ದೊಡ್ಡಪ್ಪನ ಮಗನಾದರೆ ಅಣ್ಣ ಎಂಬ ನಮ್ಮ ಲೆಕ್ಕ ಆ ಕಾನೂನಿಗೆ ಇಲ್ಲ. ಅದು ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ನೀವು ಕೇಳಿದ ಆ ‘ಏನೋ ಒಂದು ಸಾಲು’ ಇದೇ. ಲೈಸೆನ್ಸಿನ ಅರ್ಜಿಗೆ ಇಬ್ಬರೂ ಖುದ್ದಾಗಿ ಹೋಗಿ, ನಮಗೆ ಅಷ್ಟು ಹತ್ತಿರದ ನಂಟಿಲ್ಲ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕು.

ಸುಮ್ಮನೆ ಸಹಿ ಹಾಕಿ ಎಂದವರ ಮಾತನ್ನು ಇಂದೇ ಮರೆತುಬಿಡಿ. ಕೌಂಟರಿನಲ್ಲಿ ಕೂತವರು ವಂಶವೃಕ್ಷ ಕೇಳುವುದಿಲ್ಲ ಎನ್ನುವುದು ನಿಜ. ಆದರೆ ಅದೇ ಅರ್ಜಿಯಲ್ಲಿ ಅಪ್ಪನ ಹೆಸರು ಬರೆಯಬೇಕು, ಅಮ್ಮನ ತವರಿನ ಹೆಸರು ಬರೆಯಬೇಕು. ಆ ಕಾಗದ ಯಾರು ಬೇಕಾದರೂ ಪ್ರತಿ ಕೇಳಬಹುದಾದ ಸಾರ್ವಜನಿಕ ದಾಖಲೆಯಾಗಿ ಕೋರ್ಟಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಪ್ರಮಾಣ ಮಾಡಿ ಸುಳ್ಳು ಹೇಳುವುದು ಅಲ್ಲಿ ಅಪರಾಧ. ವೀಸಾದ ಮೇಲೆ ಬದುಕು ಕಟ್ಟಿಕೊಂಡಿರುವ ಮಕ್ಕಳು ನಾಳೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವಾಗ ತೋರಿಸಬೇಕಾದ ಮೊದಲ ಕಾಗದಗಳಲ್ಲಿ ಮದುವೆ ಸರ್ಟಿಫಿಕೇಟೂ ಒಂದು. ಅದರ ಬುಡದಲ್ಲೇ ಸುಳ್ಳು ಇರಬಾರದು.

ಹಾಗಂತ ಮದುವೆಯೇ ನಿಂತುಹೋಗಬೇಕಾಗಿಲ್ಲ, ಜಾಗ ಬದಲಾದರೆ ಸಾಕು. ಪಿಟ್ಸ್‌ಬರ್ಗಿನ ವೆಂಕಟೇಶ್ವರನ ಸನ್ನಿಧಿಯಲ್ಲಿ ಮಾಡೋಣ ಎಂದು ಯಾರಾದರೂ ಸೂಚಿಸಿಯಾರು. ಬೇಡ, ಪೆನ್ಸಿಲ್ವೇನಿಯಾದಲ್ಲೂ ಇದೇ ನಿಷೇಧವಿದೆ. ನ್ಯೂಯಾರ್ಕಿನಲ್ಲಿ ಇಲ್ಲ, ನ್ಯೂಜೆರ್ಸಿಯಲ್ಲೂ ಇಲ್ಲ. (ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ರೂಢಿಗೆ ಮಾತ್ರ ನ್ಯೂಯಾರ್ಕಿನಲ್ಲೂ ಜಾಗವಿಲ್ಲ. ನಿಮ್ಮದು ಆ ಸಂಬಂಧವಲ್ಲದ್ದು ಪುಣ್ಯ.) ನ್ಯೂಯಾರ್ಕ್ ನಗರದ ಫ್ಲಶಿಂಗಿನಲ್ಲಿ ಹೆಸರಾದ ಗಣೇಶನ ದೇವಸ್ಥಾನವಿದೆ. ಅಲ್ಲಿ ಮದುವೆಯಾಗಲು ಆ ರಾಜ್ಯದ ನಿವಾಸಿಗಳೇ ಆಗಿರಬೇಕೆಂಬ ನಿಯಮವಿಲ್ಲ. ಲೈಸೆನ್ಸ್ ಪಡೆದು 24 ಗಂಟೆ ಕಾಯಬೇಕು, 60 ದಿನದೊಳಗೆ ಮದುವೆ ಮುಗಿಯಬೇಕು. ಮದುವೆ ಮಾಡಿಸುವ ಪುರೋಹಿತರು ಆ ನಗರದ ಸಿಟಿ ಕ್ಲರ್ಕ್ ಕಚೇರಿಯಲ್ಲಿ ಹೆಸರು ನೋಂದಾಯಿಸಿದವರೇ ಎಂದು ಮೊದಲೇ ಕೇಳಿಕೊಳ್ಳಿ. ಅಂದಹಾಗೆ ಅಲ್ಲಿ ಲೈಸೆನ್ಸ್ ಕೊಡುವುದು ಈ ಕ್ಲರ್ಕ್ ಕಚೇರಿಯೇ, ಕೋರ್ಟಲ್ಲ. ನಿಮ್ಮ ಯಜಮಾನರು ಊಟಕ್ಕೆ ಕೂರಬಹುದು.

ನ್ಯೂಯಾರ್ಕಿನಲ್ಲಿ ಆದ ಮದುವೆಯನ್ನು ಒಹಾಯೊ ಒಪ್ಪುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಮ್ಯಾಸಚೂಸೆಟ್ಸಿಗೆ ಹೋಗಿ ಮದುವೆಯಾಗಿ ಬಂದಿದ್ದ ಫಸ್ಟ್ ಕಸಿನ್‌ಗಳ ಪ್ರಕರಣ 1958ರಲ್ಲೇ ಒಹಾಯೊದ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಮದುವೆ ನಡೆದ ಕಡೆ ಅದು ಸಿಂಧುವಾಗಿದ್ದರೆ ಇಲ್ಲಿ ಅಸಿಂಧು ಎನ್ನಲಾಗದು ಎಂದೇ ಆ ಕೋರ್ಟು ಹೇಳಿತು. ವಲಸೆ ಇಲಾಖೆಯವರೂ ಮುಖ್ಯವಾಗಿ ನೋಡುವುದು ಮದುವೆ ನಡೆದ ಜಾಗದ ಕಾನೂನನ್ನೇ. ಆದರೂ ಮುಹೂರ್ತ ಗೊತ್ತುಮಾಡುವ ಮೊದಲು ಮಕ್ಕಳು ಒಹಾಯೊದ ವಲಸೆ ವಕೀಲರೊಬ್ಬರ ಮುಂದೆ ಒಂದು ಗಂಟೆ ಕೂತು ಎಲ್ಲವನ್ನೂ ಹೇಳಿಕೊಳ್ಳಲಿ. ಆ ಫೀಸು ದಂಡವಲ್ಲ.

ನನ್ನನ್ನು ಕೇಳಿದರೆ, ವೀಸಾದ ತೊಡಕಿಲ್ಲದೆ ಬಂದುಹೋಗಲು ಆಗುವಂತಿದ್ದರೆ ಹಾಸನವೇ ಎಲ್ಲಕ್ಕಿಂತ ಸುಲಭ. ಹಿಂದೂ ವಿವಾಹ ಕಾಯ್ದೆಯ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಅಣ್ಣತಂಗಿಯರ ಮಕ್ಕಳೂ ಇದ್ದಾರೆ, ಆದರೆ ಎರಡೂ ಮನೆಗಳ ರೂಢಿ ಒಪ್ಪಿದರೆ ಅಡ್ಡಿಯಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ನಿಮ್ಮ ಮನೆತನಗಳಲ್ಲಿ ಇದು ಹೊಸತಲ್ಲ ಎಂದುಕೊಂಡಿದ್ದೇನೆ. ಒಂದು ಮಾತು ನೆನಪಿಡಿ, ಶಾಸ್ತ್ರ ಬಿಟ್ಟು ಬರೀ ರಿಜಿಸ್ಟರ್ ಮಾಡಿಸಿದರೆ ಸಾಲದು. ಸಂಪ್ರದಾಯದ ವಿಧಿಗಳು ನಡೆಯದೆ ಕೇವಲ ನೋಂದಣಿಯಿಂದ ಹಿಂದೂ ಮದುವೆ ಆಗುವುದಿಲ್ಲ ಎಂದು 2024ರಲ್ಲಿ ನಮ್ಮ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಆ ಪೀಠದಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಮಂಟಪದಲ್ಲಿ ಶಾಸ್ತ್ರ ಮುಗಿಸಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ. ಸರ್ಟಿಫಿಕೇಟ್ ಕನ್ನಡದಲ್ಲಿದ್ದರೆ ಅನುವಾದಕರ ದೃಢೀಕರಣವಿರುವ ಇಂಗ್ಲಿಷ್ ಪ್ರತಿಯೂ ಜೊತೆಗಿರಲಿ. ಆಮೇಲೆ ಅಮೆರಿಕಕ್ಕೆ ಹೋಗಿ ಅಲ್ಲಿಯೂ ಒಂದು ಸರ್ಟಿಫಿಕೇಟ್ ಮಾಡಿಸೋಣ ಎನ್ನುವ ಆಸೆ ಬೇಡ. ಒಂದು ಮದುವೆಗೆ ಎರಡು ತಾರೀಖುಗಳಿದ್ದರೆ ಪ್ರತಿ ಅರ್ಜಿಯಲ್ಲೂ ಅದಕ್ಕೆ ಸಮಜಾಯಿಷಿ ಕೊಡುತ್ತ ಕೂರಬೇಕಾಗುತ್ತದೆ.

ಈ ಸಂಬಂಧದ ಆರೋಗ್ಯದ ಮಗ್ಗುಲನ್ನು ನೀವು ಕೇಳಿಲ್ಲ. ಆದರೂ ಮಕ್ಕಳು ಮದುವೆಗೆ ಮೊದಲು ಜೆನೆಟಿಕ್ ಕೌನ್ಸೆಲರ್ ಒಬ್ಬರನ್ನು ಕಾಣುವುದು ಒಳ್ಳೆಯದು.

ಇನ್ನು ಅಮಾವಾಸ್ಯೆಯ ಮಾತು. ಲೈಸೆನ್ಸ್ ಎಂದರೆ ಮದುವೆಯಾಗಲು ಕೊಡುವ ಪರವಾನಗಿ, ಅಷ್ಟೆ. ನಮ್ಮಲ್ಲಿ ಮದುವೆ ಮೊದಲು, ನೋಂದಣಿ ಆಮೇಲೆ. ಅಲ್ಲಿ ಪರವಾನಗಿ ಮೊದಲು, ಮದುವೆ ಆಮೇಲೆ. ಮುಹೂರ್ತ ಮುಗಿದ ಮೇಲೆ ಪುರೋಹಿತರು ಆ ಕಾಗದದಲ್ಲಿ ಮದುವೆ ನಡೆದ ತಾರೀಖು ಬರೆದು, ಸಹಿ ಹಾಕಿ ಕಚೇರಿಗೆ ಹಿಂದಿರುಗಿಸುತ್ತಾರೆ. ಮದುವೆಯ ದಿನ ಎಂದು ದಾಖಲಾಗುವುದು ಆ ತಾರೀಖೇ. ಹಾಗಾಗಿ ಲೈಸೆನ್ಸಿಗೆ ಅಮಾವಾಸ್ಯೆಯಂದು ಹೋದರೇನು, ರಾಹುಕಾಲದಲ್ಲಿ ಹೋದರೇನು, ಮುಹೂರ್ತಕ್ಕೆ ಏನೂ ತಾಗುವುದಿಲ್ಲ. ಅರ್ಜಿಯಲ್ಲಿ ಹೆಸರು ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಇನಿಶಿಯಲ್ಲು, ಊರು, ಅಪ್ಪನ ಹೆಸರು ಅಂತ ನಾವು ಹಿಂದೆ ಮುಂದೆ ಬರೆಯುವ ಅಭ್ಯಾಸ ಅಲ್ಲಿ ದೊಡ್ಡ ತಲೆನೋವಾಗುತ್ತದೆ.

ಪ್ರೊಬೇಟ್ ಕೋರ್ಟಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಒಹಾಯೊದಲ್ಲಿ ಮಕ್ಕಳ ಮದುವೆ ಮಾಡಲಿರುವ ಬೇರೆ ತಂದೆತಾಯಿಯರೂ ಇದನ್ನು ಓದುತ್ತಿರಬಹುದು. ಅದು ಉಯಿಲು ನೋಡುವ ಕೋರ್ಟು ಹೌದು. ಅನಾಥ ಮಕ್ಕಳಿಗೆ ಪೋಷಕರನ್ನು ನೇಮಿಸುವುದೂ, ದತ್ತು ಕೊಡುವುದೂ ಅದೇ ಕೋರ್ಟು. ಮದುವೆ ಲೈಸೆನ್ಸ್ ಕೊಡುವ ಕೆಲಸವನ್ನು ಆ ರಾಜ್ಯದ 1851ರ ಸಂವಿಧಾನವೇ ಅದಕ್ಕೆ ವಹಿಸಿತು.  ಲೈಸೆನ್ಸಿಗೆ ಹೋದವರಿಗೆ ಅಲ್ಲಿ ವಾದ ವಿವಾದ ಇರುವುದಿಲ್ಲ. ಪಾಸ್‌ಪೋರ್ಟ್ ತೋರಿಸಿ, ಶುಲ್ಕ ಕಟ್ಟಿ, ಕಾಗದ ತೆಗೆದುಕೊಂಡು ಬರುವುದಷ್ಟೆ. ಓಡಿಹೋದವರೂ ಅಲ್ಲಿಗೇ ಹೋಗಬೇಕು, ಊರೆಲ್ಲ ಕರೆದು ಮದುವೆ ಮಾಡುವವರೂ ಅಲ್ಲಿಗೇ ಹೋಗಬೇಕು.

ನಿಮ್ಮ ತಂಗಿಯ ಮಗಳ ಮದುವೆ ಎಲ್ಲೂ ಕಳೆದುಹೋಗಿಲ್ಲ, ಬೇರೆ ಕೌಂಟಿಯಲ್ಲಿ ಹುಡುಕುತ್ತಿದ್ದೀರಿ ಅಷ್ಟೆ. ಒಹಾಯೊದಲ್ಲಿ 88 ಕೌಂಟಿಗಳಿವೆ. ಆ ರಾಜ್ಯದಲ್ಲೇ ವಾಸವಿರುವವರು ತಾವಿಬ್ಬರಲ್ಲಿ ಒಬ್ಬರು ನೆಲೆಸಿರುವ ಕೌಂಟಿಯಲ್ಲೇ ಲೈಸೆನ್ಸ್ ತೆಗೆಯಬೇಕು. ಮದುವೆಯನ್ನು ಒಹಾಯೊದ ಯಾವ ಮೂಲೆಯಲ್ಲಿ ಬೇಕಾದರೂ ಮಾಡಿಕೊಳ್ಳಬಹುದು, ದಾಖಲೆ ಮಾತ್ರ ಲೈಸೆನ್ಸ್ ಕೊಟ್ಟ ಕೋರ್ಟಿಗೇ ಮರಳುತ್ತದೆ. ದೇವಸ್ಥಾನ ಇರುವುದು ಡೆಲವೇರ್ ಕೌಂಟಿಯಲ್ಲಿ. 2009ರಲ್ಲಿ ಗಂಡ ಹೆಂಡತಿ ವಾಸವಿದ್ದದ್ದು ಕೊಲಂಬಸ್ ನಗರದಲ್ಲಾದರೆ ಕಾಗದ ಇರುವುದು ಬಹುಮಟ್ಟಿಗೆ ಫ್ರಾಂಕ್ಲಿನ್ ಕೌಂಟಿಯ ಪ್ರೊಬೇಟ್ ಕೋರ್ಟಿನಲ್ಲಿ. ಮದುವೆಗೆ ಮುಂಚಿನ ಹೆಸರನ್ನು, ಆಗ ಬರೆದಿದ್ದ ಸ್ಪೆಲಿಂಗಿನಲ್ಲೇ, ಕೊಟ್ಟು ಹುಡುಕಿಸಲಿ. ಅಲ್ಲೂ ಸಿಗದಿದ್ದರೆ ಆಗ ಇಬ್ಬರೂ ಬೇರೆ ಬೇರೆ ಎಲ್ಲಿ ಮನೆ ಮಾಡಿದ್ದರು ಎಂದು ನೆನಪಿಸಿಕೊಂಡು ಆ ಕೌಂಟಿಯನ್ನೂ ಕೇಳಲಿ. ರಾಜ್ಯದ ಆರೋಗ್ಯ ಇಲಾಖೆಗೆ ಬರೆದು ಪ್ರಯೋಜನವಿಲ್ಲ, ಅವರು ಮದುವೆಯ ದೃಢೀಕೃತ ಪ್ರತಿ ಕೊಡುವುದಿಲ್ಲ. ದೇವಸ್ಥಾನದಲ್ಲಿ ಕೊಟ್ಟ ಬಣ್ಣದ ಪತ್ರ ಚೌಕಟ್ಟು ಹಾಕಿಸಿ ಗೋಡೆಗೆ ಹಾಕಲು ಚೆನ್ನ, ಸರ್ಕಾರಿ ಕಚೇರಿಗೆ ನಡೆಯದು.

ಕೋರ್ಟಿನ ಮುದ್ರೆಯಿರುವ ದೃಢೀಕೃತ ಪ್ರತಿಗಳನ್ನು ಒಂದಲ್ಲ, ಎರಡು ಮೂರು ತೆಗೆಸಿಕೊಳ್ಳಲಿ. ಅವನ್ನು ಭಾರತದಲ್ಲಿ ಬಳಸಬೇಕಾದರೆ ಮೇಲೆ ಅಪಾಸ್ಟಿಲ್ ಮುದ್ರೆ ಬೇಕು. ಹೊರದೇಶದ ದಾಖಲೆಯನ್ನು ಈ ಮುದ್ರೆಯ ಮೇಲೆ ಒಪ್ಪಿಕೊಳ್ಳುವ ಅಂತರರಾಷ್ಟ್ರೀಯ ಒಪ್ಪಂದ 2005ರಿಂದ ನಮ್ಮ ದೇಶಕ್ಕೂ ಅನ್ವಯಿಸುತ್ತದೆ. ಆ ಮುದ್ರೆ ಕೌಂಟಿಯಲ್ಲಿ ಸಿಗುವುದಿಲ್ಲ, ಕೊಲಂಬಸ್ಸಿನಲ್ಲಿರುವ ಒಹಾಯೊ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೇ ಕಳಿಸಬೇಕು.