ಸಾವಿರ ಕೈ, ಒಂದೇ ಪುಸ್ತಕ: ಕ್ಲಸ್ಟರ್ ಕೆಲಸಕ್ಕೆ ಡೇಟಾಬೇಸ್ ಆರಿಸೋದು ಹೇಗೆ?

ಪಿಎಚ್‌ಡಿ ಮಾಡ್ತಿರುವ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರು ಕ್ಲಸ್ಟರ್‌ನಲ್ಲಿ ಸಾವಿರ ಜಾಬ್‌ಗಳನ್ನು ಒಟ್ಟಿಗೆ ಓಡಿಸ್ತಾರೆ. ಪ್ರತಿ ಜಾಬ್ ಒಬ್ಬ ವ್ಯಕ್ತಿಯ ಡಿಎನ್‌ಎ ಓದಿ, ಎಲ್ಲೆಲ್ಲಿ ವ್ಯತ್ಯಾಸ ಇದೆ ಅಂತ ಹುಡುಕಿ, ಒಂದೇ ಎಸ್‌ಕ್ಯೂಲೈಟ್ ಫೈಲಿಗೆ ಬರೆಯುತ್ತೆ. ಆದರೆ ಬಹಳಷ್ಟು ಜಾಬ್‌ಗಳು 'ಡೇಟಾಬೇಸ್ ಈಸ್ ಲಾಕ್ಡ್' ಅಂತ ಹೇಳಿ ಮಲಗಿಬಿಡ್ತವೆ. ಯಾವ ಡೇಟಾಬೇಸ್‌ಗೆ ಹೋಗಲಿ ಅಂತ ಅವರ ಪ್ರಶ್ನೆ.

ನಾವು ಜೀವಶಾಸ್ತ್ರದವರು, ಕಂಪ್ಯೂಟರ್ ಸೈನ್ಸ್‌ನವರಲ್ಲ. ಆದರೂ ಈಗಿನ ಜೀವಶಾಸ್ತ್ರದಲ್ಲಿ ಪಿಪೆಟ್ ಹಿಡಿಯೋ ಹೊತ್ತಿಗಿಂತ ಇಂಥ ಲಾಕ್ ಬಿಡಿಸೋ ಹೊತ್ತೇ ಜಾಸ್ತಿ. ಹಾಗಾಗಿ ಇವತ್ತು ಇದನ್ನೇ ಮಾತಾಡೋಣ.

ಮೊದಲು ಆ ಲಾಕ್ ಯಾಕೆ ಬರುತ್ತೆ ನೋಡೋಣ. ನಮ್ಮ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಬರೆಯೋಕೆ ಒಬ್ಬರು ಪುಸ್ತಕ ಹಿಡಿದು ಕೂತಿರ್ತಾರೆ ಅಲ್ವಾ? ಯಾರು ಎಷ್ಟು ಕೊಟ್ಟರು ಅಂತ ಹತ್ತು ಜನ ಬಗ್ಗಿ ನೋಡಬಹುದು, ಆದರೆ ಬರೆಯೋ ಪೆನ್ನು ಒಂದೇ. ಎಸ್‌ಕ್ಯೂಲೈಟ್ ಆ ಪುಸ್ತಕ. ಓದೋರು ಎಷ್ಟು ಜನ ಬೇಕಾದರೂ ಇರಬಹುದು, ಬರೆಯೋರು ಒಂದು ಸಲಕ್ಕೆ ಒಬ್ಬರೇ. ಇದು ದೋಷ ಅಲ್ಲ, ಅದನ್ನ ಮಾಡಿರೋದೇ ಹಾಗೆ. ಫೋನಿನಲ್ಲಿ, ಬ್ರೌಸರ್‌ನಲ್ಲಿ ಅದು ಸೊಗಸಾಗಿ ಕೆಲಸ ಮಾಡುತ್ತೆ.

ಕ್ಲಸ್ಟರ್‌ನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಫೈಲ್ ಇರೋದು ನಿಮ್ಮ ಯಂತ್ರದ ಡಿಸ್ಕಿನಲ್ಲಲ್ಲ, ನೆಟ್‌ವರ್ಕ್ ಮೂಲಕ ಎಲ್ಲ ನೋಡ್‌ಗಳೂ ಹಂಚಿಕೊಳ್ಳುವ ಫೈಲ್ ಸಿಸ್ಟಮ್‌ನಲ್ಲಿ. ಅಂಥ ಕಡೆ ಬೀಗ ಹಾಕೋ ವ್ಯವಸ್ಥೆ ಯಾವಾಗಲೂ ನೆಚ್ಚಿಕೊಳ್ಳುವಂತಿರಲ್ಲ. ಎಸ್‌ಕ್ಯೂಲೈಟ್ ಮಾಡಿದವರೇ ಇದನ್ನ ಎಚ್ಚರಿಸಿ ಬರೆದಿದ್ದಾರೆ. ಅಂತರ್ಜಾಲದಲ್ಲಿ 'ವಾಲ್ ಮೋಡ್ ಹಾಕಿ, ಸರಿ ಹೋಗುತ್ತೆ' ಅಂತ ಸಲಹೆ ಸಿಗುತ್ತೆ. ಆ ಮೋಡ್ ನಡೆಯೋದು ಎಲ್ಲ ಪ್ರೋಗ್ರಾಮುಗಳೂ ಒಂದೇ ಯಂತ್ರದಲ್ಲಿದ್ದಾಗ ಮಾತ್ರ. ಬೇರೆ ಬೇರೆ ನೋಡ್‌ನಿಂದ ಬರೆದರೆ ಫೈಲೇ ಕೆಡಬಹುದು. ನಿಜ ಹೇಳಬೇಕಂದ್ರೆ ಲಾಕ್ ಎರರ್ ಬಂದದ್ದೇ ಪುಣ್ಯ. ಅದು ಬಾರದೆ ಸುಮ್ಮನೆ ಸಾಲುಗಳು ಕಾಣೆಯಾದರೆ ಗೊತ್ತೇ ಆಗಲ್ಲ.

ಹಾಗಾದರೆ ಯಾವುದು ಆರಿಸೋದು? ಇಲ್ಲೊಂದು ಹಳೆಯ ಉದಾಹರಣೆ ನಮಗೆ ಇಷ್ಟ. ಆಕಾಶದ ನಕ್ಷೆ ತಯಾರಿಸಿದ ಸ್ಲೋನ್ ಡಿಜಿಟಲ್ ಸ್ಕೈ ಸರ್ವೆಯ ದತ್ತಾಂಶಕ್ಕೆ ಡೇಟಾಬೇಸ್ ಕಟ್ಟುವಾಗ ಜಿಮ್ ಗ್ರೇ ಅನ್ನೋ ಡೇಟಾಬೇಸ್ ತಜ್ಞರು, ಖಗೋಳ ವಿಜ್ಞಾನಿ ಅಲೆಕ್ಸ್ ಸಾಲೆ ಅವರ ಜೊತೆ ಕೆಲಸ ಮಾಡಿದರು. ಗ್ರೇ ಕೇಳಿದ್ದು ಇಷ್ಟೇ: ಈ ದತ್ತಾಂಶವನ್ನು ನೀವು ಕೇಳಬೇಕೆಂದಿರುವ 20 ಮುಖ್ಯ ಪ್ರಶ್ನೆಗಳನ್ನು ಬರೆದು ಕೊಡಿ. ವಿನ್ಯಾಸ ಆ ಪ್ರಶ್ನೆಗಳ ಸುತ್ತ ಬೆಳೀತು. 2001ರಲ್ಲಿ ಸ್ಕೈಸರ್ವರ್ ಅನ್ನೋ ಹೆಸರಲ್ಲಿ ಅದು ಜನರಿಗೆ ತೆರೆಯಿತು. ಡೇಟಾಬೇಸ್‌ಗಳ ವೇಗದ ಪಟ್ಟಿ ನೋಡೋದಕ್ಕೆ ಮುಂಚೆ ನಾವೂ ಆ ಹಾಳೆ ಬರೀಬೇಕು.

ಜೀನೋಮ್ ಕೆಲಸಕ್ಕೆ ಆ ಹಾಳೆ ಬರೆದರೆ ಎರಡು ಥರದ ಪ್ರಶ್ನೆಗಳು ಬೇರೆಯಾಗಿ ನಿಲ್ತವೆ. ಒಂದು, 'ಯಾವ ಸ್ಯಾಂಪಲ್ ಮುಗೀತು, ಯಾವುದು ಸೋತಿತು, ಯಾವ ಆವೃತ್ತಿಯ ಪ್ರೋಗ್ರಾಮಿನಿಂದ ಓಡಿಸಿದೆವು?' ಇವು ಕೆಲವೇ ಸಾವಿರ ಸಾಲುಗಳು, ಆದರೆ ಎಲ್ಲರೂ ಮೇಲಿಂದ ಮೇಲೆ ಬದಲಾಯಿಸ್ತಾರೆ. ಇನ್ನೊಂದು, 'ಈ ಜಾಗದಲ್ಲಿ ಎಲ್ಲ ಜನರ ಅಕ್ಷರ ಏನು?' ಇದು ಅಗಾಧ ಕೋಷ್ಟಕ. ಒಮ್ಮೆ ಬರೆದರೆ ಆಮೇಲೆ ಓದೋದೇ.

ಮೊದಲನೆಯದಕ್ಕೆ ಪೋಸ್ಟ್‌ಗ್ರೆಸ್ ಹೇಳಿ ಮಾಡಿಸಿದ್ದು. ಅಲ್ಲಿ ಫೈಲನ್ನು ಯಾರೂ ನೇರವಾಗಿ ಮುಟ್ಟಲ್ಲ. ಸರ್ವರ್ ಒಂದಿರುತ್ತೆ, ಎಲ್ಲರೂ ಅದಕ್ಕೆ ಹೇಳಿ ಬರೆಸ್ತಾರೆ. ಬೇರೆ ಬೇರೆ ಸಾಲುಗಳನ್ನ ಬೇರೆ ಬೇರೆಯವರು ಒಟ್ಟಿಗೆ ಬದಲಾಯಿಸಬಹುದು. 'ಸ್ಕಿಪ್ ಲಾಕ್ಡ್' ಅನ್ನೋ ಸೌಲಭ್ಯ ಇದೆ: ಇನ್ನೊಂದು ಜಾಬ್ ಕೈ ಹಾಕಿರೋ ಸಾಲನ್ನ ಬಿಟ್ಟು ಮುಂದಿನದನ್ನ ಎತ್ತಿಕೋ ಅಂತ. ಸಾವಿರ ಜಾಬ್‌ಗಳು ಜಗಳ ಇಲ್ಲದೆ ಕೆಲಸ ಹಂಚಿಕೊಳ್ಳೋಕೆ ಇದಕ್ಕಿಂತ ಸುಲಭದ ದಾರಿ ನಾವು ಕಂಡಿಲ್ಲ. ಒಂದು ಎಚ್ಚರಿಕೆ: ಅದು ಪ್ರತಿ ಸಂಪರ್ಕಕ್ಕೂ ಒಂದು ಪ್ರತ್ಯೇಕ ಪ್ರೋಸೆಸ್ ಹುಟ್ಟಿಸುತ್ತೆ, ಮಾಮೂಲಿ ಮಿತಿ 100 ಸಂಪರ್ಕ. ಆದ್ದರಿಂದ ಜಾಬ್‌ಗಳು ಬಂದು, ಬರೆದು, ಹೊರಟುಹೋಗಬೇಕು. ಇಡೀ ರಾತ್ರಿ ಬಾಗಿಲಲ್ಲಿ ನಿಂತಿರಬಾರದು. ಇಲ್ಲವೇ ಮಧ್ಯೆ ಪಿಜಿಬೌನ್ಸರ್‌ನಂಥ ಒಬ್ಬ ಮಧ್ಯವರ್ತಿ ಬೇಕು.

ಎರಡನೆಯದನ್ನೂ ಪೋಸ್ಟ್‌ಗ್ರೆಸ್‌ಗೇ ತುಂಬಿದರೆ? ಲೆಕ್ಕ ಹಾಕೋಣ. 1000 ಜೀನೋಮ್ಸ್ ಯೋಜನೆಯ 2015ರ ಪ್ರಕಟಣೆಯಲ್ಲಿ 2,504 ಜನ, 8.8 ಕೋಟಿ ವ್ಯತ್ಯಾಸದ ಜಾಗಗಳಿದ್ದವು. ಗುಣಿಸಿದರೆ ಸುಮಾರು 22,000 ಕೋಟಿ ಮನೆಗಳು. ಒಂದು ಮನೆಗೆ ಒಂದು ಸಾಲು ಅಂತ ಇಟ್ಟರೆ, ಪೋಸ್ಟ್‌ಗ್ರೆಸ್ ಪ್ರತಿ ಸಾಲಿನ ತಲೆಬರಹಕ್ಕೇ ಹತ್ತಿರ ಹತ್ತಿರ 28 ಬೈಟ್ ತಗೊಳ್ಳುತ್ತೆ. ಅಂದ್ರೆ ಬರೀ ತಲೆಬರಹ 6 ಟೆರಾಬೈಟ್! ಒಳಗಿನ ವಿಷಯ ಒಂದು ಮನೆಗೆ ಒಂದು ಬೈಟ್ ಅಂದ್ರೂ 220 ಗಿಗಾಬೈಟ್. ಕಡಲೆಕಾಯಿಗಿಂತ ಸಿಪ್ಪೆ ಭಾರ.

ಇಂಥ ಚೌಕಾಕಾರದ ದತ್ತಾಂಶಕ್ಕೆ ಎಚ್‌ಡಿಎಫ್5, ಝಾರ್ ಥರದ ಅರೇ ರೂಪಗಳೇ ವಾಸಿ. ಝಾರ್ ಹುಟ್ಟಿದ್ದೂ ಜೀವಶಾಸ್ತ್ರದಲ್ಲೇ. ಆಕ್ಸ್‌ಫರ್ಡ್‌ನಲ್ಲಿ ಮಲೇರಿಯಾ ಜೀನೋಮ್‌ಗಳ ಮೇಲೆ ಕೆಲಸ ಮಾಡುತ್ತಿದ್ದ ಅಲಿಸ್ಟೇರ್ ಮೈಲ್ಸ್ ಅದನ್ನ ಶುರು ಮಾಡಿದ್ದು. ದೊಡ್ಡ ಕೋಷ್ಟಕವನ್ನ ತುಂಡು ತುಂಡಾಗಿ ಕತ್ತರಿಸಿ, ಕುಗ್ಗಿಸಿ, ಪ್ರತಿ ತುಂಡನ್ನೂ ಬೇರೆ ಫೈಲಾಗಿ ಇಡೋದು ಅದರ ಉಪಾಯ. ಮುಯ್ಯಿ ಪುಸ್ತಕದ ಹಾಳೆ ಬಿಡಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟ ಹಾಗೆ. ಪೆನ್ನಿಗೆ ಕಾಯೋ ಮಾತೇ ಇಲ್ಲ.

ಆದರೆ ಹಾಳೆ ಹೇಗೆ ಹರಿಯುತ್ತೀರಿ ಅನ್ನೋದರಲ್ಲಿ ಎಲ್ಲ ಇದೆ. ಒಂದು ತುಂಡು ಅಂದ್ರೆ 10,000 ಜಾಗ, 100 ಜನ ಅಂತಿಟ್ಟುಕೊಳ್ಳಿ. ಆಗ 1000 ಜೀನೋಮ್ಸ್ ಕೋಷ್ಟಕಕ್ಕೆ 2,28,800 ಫೈಲುಗಳಾಗ್ತವೆ. ಕ್ಲಸ್ಟರ್ ನೋಡಿಕೊಳ್ಳೋರು ನಿಮ್ಮನ್ನ ಹುಡುಕಿಕೊಂಡು ಬಂದರೂ ಬಂದರು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ನಮ್ಮ ಕೇಳುಗರ ಹಾಗೆ ಒಬ್ಬ ವ್ಯಕ್ತಿಗೆ ಒಂದು ಜಾಬ್ ಇದ್ದರೆ, ಒಂದೇ ತುಂಡಿಗೆ 100 ಜಾಬ್‌ಗಳು ಕೈ ಹಾಕ್ತವೆ. ಒಂದು ಜಾಬ್ ತುಂಡನ್ನ ಓದಿ, ತನ್ನ ಕಂಬ ತುಂಬಿಸಿ, ವಾಪಸ್ ಬರೆಯುತ್ತೆ. ಅಷ್ಟರಲ್ಲಿ ಇನ್ನೊಂದು ಬರೆದದ್ದು ಅಳಿಸಿ ಹೋಗಿರುತ್ತೆ. ಎರರ್ ಬರಲ್ಲ.

ಬರೆಯದ ಮನೆಯಲ್ಲಿ ಏನಿರುತ್ತೆ? ಸಾಮಾನ್ಯವಾಗಿ ಸೊನ್ನೆ. ಜೀನೋಟೈಪ್ ಬರೆಯೋ ರೂಢಿಯಲ್ಲಿ ಸೊನ್ನೆ ಅಂದ್ರೆ 'ಮಾದರಿ ಜೀನೋಮ್‌ನಲ್ಲಿರುವ ಅಕ್ಷರವೇ ಇದೆ, ವ್ಯತ್ಯಾಸ ಇಲ್ಲ'. ಅಂದ್ರೆ ಕಳೆದುಹೋದ ಫಲಿತಾಂಶ 'ಈ ವ್ಯಕ್ತಿಗೆ ಮ್ಯುಟೇಶನ್ ಇಲ್ಲ' ಅನ್ನೋ ಉತ್ತರವಾಗಿ ಕೂತುಬಿಡುತ್ತೆ! ಒಂದು ರೋಗದ ಜೀನ್ ಹುಡುಕುತ್ತಿದ್ದರೆ, ರೋಗಿಯೇ ಆರೋಗ್ಯವಂತರ ಸಾಲಿಗೆ ಸೇರಿಹೋಗ್ತಾರೆ. 'ಗೊತ್ತಿಲ್ಲ' ಮತ್ತು 'ಇಲ್ಲ' ಎರಡೂ ಒಂದೇ ಆದ ಮೇಲೆ ಯಾವ ಅಂಕಿಅಂಶ ಶಾಸ್ತ್ರವೂ ಅವನ್ನ ಬಿಡಿಸಲಾರದು. ಆದ್ದರಿಂದ ಖಾಲಿ ಮನೆಯ ಮೌಲ್ಯವನ್ನ ಮೊದಲೇ -1 ಅಂತ ಇಡಿ, ಮತ್ತು ಒಂದು ತುಂಡಿಗೆ ಒಂದೇ ಜಾಬ್ ಬರೆಯೋ ಹಾಗೆ ಕೆಲಸ ಹಂಚಿ.

ಎಚ್‌ಡಿಎಫ್5ದೂ ಇದೇ ಕಥೆ, ಸ್ವಲ್ಪ ಬಿಗಿ. ಒಂದೇ ಫೈಲಿಗೆ ಹಲವರು ಬರೀಬೇಕಂದ್ರೆ ಎಂಪಿಐ ಜೊತೆ ಕಟ್ಟಿದ ಆವೃತ್ತಿ ಬೇಕು. ಹವಾಮಾನ, ಭೌತಶಾಸ್ತ್ರದ ಸಿಮ್ಯುಲೇಶನ್‌ನವರಿಗೆ ಅದು ಒಗ್ಗುತ್ತೆ. ಬಿಡಿ ಬಿಡಿ ಜಾಬ್‌ಗಳ ನಮ್ಮಂಥವರಿಗೆ ಅಷ್ಟಕ್ಕಷ್ಟೇ.

ಇಷ್ಟೆಲ್ಲ ಕೇಳಿ ಗಾಬರಿಯಾಗಬೇಡಿ. ಸಾವಿರ ಜಾಬ್‌ಗಳ ಮಟ್ಟಕ್ಕೆ ನಾವು ಹೇಳೋದು ಸಪ್ಪೆ ಉತ್ತರ. ಚುನಾವಣೆ ನೆನಪಿಸಿಕೊಳ್ಳಿ: ಪ್ರತಿ ಮತಗಟ್ಟೆಗೂ ಅದರದೇ ಮತಯಂತ್ರ, ಎಣಿಕೆ ಆಮೇಲೆ ಒಂದು ಕಡೆ. ಹಾಗೇ ಪ್ರತಿ ಜಾಬ್ ತನ್ನದೇ ಫೈಲಿಗೆ ಬರೆಯಲಿ, ಅದು ಪಾರ್ಕೆ ಆದರೂ ಸರಿ, ಪುಟ್ಟ ಎಸ್‌ಕ್ಯೂಲೈಟ್ ಆದರೂ ಸರಿ. ಮೊದಲು ತಾತ್ಕಾಲಿಕ ಹೆಸರಲ್ಲಿ ಬರೆದು, ಪೂರ್ತಿಯಾದ ಮೇಲಷ್ಟೇ ನಿಜವಾದ ಹೆಸರು ಕೊಡಲಿ. ಅರ್ಧಕ್ಕೆ ಸತ್ತ ಜಾಬ್ ಆಗ ತಾನೇ ಗೊತ್ತಾಗುತ್ತೆ. ಎಲ್ಲ ಮುಗಿದ ಮೇಲೆ ಒಂದೇ ಒಂದು ಜಾಬ್ ಕೂಡಿಸಲಿ. ಪಾರ್ಕೆ ಫೈಲುಗಳಾದರೆ ಕೂಡಿಸದೆಯೂ ಡಕ್‌ಡಿಬಿ ಒಟ್ಟಿಗೆ ಓದುತ್ತೆ.

ಕೂಡಿಸುವ ಆ ಜಾಬ್‌ಗೆ ಇನ್ನೆರಡು ಸಾಲು ಕೋಡ್ ಸೇರಿಸಿ: ಎಷ್ಟು ಸ್ಯಾಂಪಲ್ ಕಳಿಸಿದ್ದೆವು, ಎಷ್ಟು ಫೈಲ್ ಬಂದವು. ಎರಡೂ ಸಮ ಇಲ್ಲದಿದ್ದರೆ ಅಲ್ಲೇ ನಿಲ್ಲಲಿ, ಮುಂದಿನ ವಿಶ್ಲೇಷಣೆಗೆ ಹೋಗದಿರಲಿ.